ಒಫೀಲಿಯಾಳ ಹೂಗಳು: ಬೇರಿರುವವು, ಕಿತ್ತವು

ನೀರಿನ ಮೇಲೆ ಅಂಗಾತ ತೇಲುತ್ತಿರುವ ಒಬ್ಬ ಹುಡುಗಿ. ಬಾಯಿ ಅರ್ಧ ತೆರೆದಿದೆ. ಎರಡೂ ಅಂಗೈ ಮೇಲ್ಮುಖವಾಗಿವೆ. ಸುತ್ತ ಹೂವು, ಹುಲ್ಲು, ಪಾಚಿ. ಇಂಗ್ಲೆಂಡಿನ ಜಾನ್ ಎವರೆಟ್ ಮಿಲೇ 1851–52ರಲ್ಲಿ ಬರೆದ ‘ಒಫೀಲಿಯಾ’ ಚಿತ್ರ ಇದು. ಹೆಸರು ಗೊತ್ತಿಲ್ಲದವರೂ ಇದನ್ನು ಎಲ್ಲೋ ಒಂದು ಕಡೆ ನೋಡಿರುತ್ತಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಚಿತ್ರದ ಜೊತೆಗೇ ಒಂದು ಪಟ್ಟಿಯೂ ಸಿಗುತ್ತದೆ. ಡೈಸಿ ಅಂದರೆ ಮುಗ್ಧತೆ. ವಿಲೋ ಮರ ಅಂದರೆ ಕೈಕೊಟ್ಟ ಪ್ರೀತಿ. ಪ್ಯಾನ್ಸಿ ಅಂದರೆ ಫಲಿಸದ ಒಲವು. ಕೆಂಪು ಪಾಪಿ ಹೂವು ಅಂದರೆ ಸಾವು. ಮುಗೀತು.

ಪಟ್ಟಿ ಸುಳ್ಳೇನಲ್ಲ. ಆದರೆ ಅದನ್ನು ಓದಿದ ಮೇಲೆ ಚಿತ್ರ ಇನ್ನೂ ಚೆನ್ನಾಗಿ ಕಾಣುತ್ತದಾ? ನನ್ನ ಮಟ್ಟಿಗೆ ಇಲ್ಲ. ಹೂವಿಗೊಂದು ಅರ್ಥ ಅಂಟಿಸಿಬಿಟ್ಟರೆ ನಾವು ಹೂವನ್ನು ನೋಡುವುದನ್ನೇ ನಿಲ್ಲಿಸಿಬಿಡುತ್ತೇವೆ. ಸುಗಂಧರಾಜದ ಹಾರವನ್ನೇ ತಗೊಳ್ಳಿ. ಮದುವೆ ಗಂಡಿನ ಕೊರಳಿಗೂ ಅದೇ, ವೇದಿಕೆ ಮೇಲಿನ ಅಧ್ಯಕ್ಷರ ಕೊರಳಿಗೂ ಅದೇ, ತೀರಿಹೋದವರ ಫೋಟೋಗೂ ಅದೇ. ‘ಸುಗಂಧರಾಜ ಎಂದರೆ ಶುಭ’ ಎಂದು ಎಲ್ಲೋ ಓದಿಕೊಂಡು ಬಂದವನು ಎಲ್ಲಾದರೂ ಒಂದು ಕಡೆ ಎಡವುತ್ತಾನೆ. ಹಾರ ಯಾರ ಕೊರಳಲ್ಲಿದೆ, ಯಾರು ಹಾಕಿದರು ಎಂದು ನೋಡಿದವನು ಎಡವುವುದಿಲ್ಲ.

ಹಾಗಾಗಿ ಈ ಚಿತ್ರದ ಮುಂದೆ ನಿಂತಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಈ ಹೂವಿನ ಅರ್ಥ ಏನು’ ಅಂತ ಅಲ್ಲ. ‘ಈ ಹೂವನ್ನು ಇಲ್ಲಿಗೆ ತಂದವರು ಯಾರು’ ಅಂತ. ಒಫೀಲಿಯಾ ಬರುವ ‘ಹ್ಯಾಮ್ಲೆಟ್’ ನಾಟಕ ಬರೆದ ಶೇಕ್ಸ್‌ಪಿಯರ್ ತಂದನಾ? ಮಿಲೇ ಸ್ವಂತ ಬುದ್ಧಿಯಿಂದ ಸೇರಿಸಿದನಾ? ಹೊಳೆ ದಂಡೆಯಲ್ಲಿ ತಾನಾಗಿ ಬೆಳೆದಿತ್ತಾ? ಇಲ್ಲಾ, ಚಿತ್ರ ಮುಗಿದು ಎಷ್ಟೋ ವರ್ಷವಾದ ಮೇಲೆ ನಾವು ನೀವು ತಂದು ಇಟ್ಟಿದ್ದಾ? ನಾಲ್ಕೂ ಈ ಒಂದೇ ಚಿತ್ರದಲ್ಲಿವೆ. ಅವು ಒಂದರೊಳಗೊಂದು ಕಲೆತುಹೋಗಿರುವುದರಿಂದಲೇ ಬಿಡಿಸುವುದು ಕಷ್ಟ, ಬಿಡಿಸಿದರೆ ಮಜಾನೂ ಜಾಸ್ತಿ.

ಮೊದಲು ಕಥೆ, ಚುಟುಕಾಗಿ. ಒಫೀಲಿಯಾ 1600ರ ಆಸುಪಾಸಿನ ‘ಹ್ಯಾಮ್ಲೆಟ್’ ನಾಟಕದವಳು. ಡೆನ್ಮಾರ್ಕಿನ ರಾಜಕುಮಾರ ಹ್ಯಾಮ್ಲೆಟ್‌ನನ್ನು ಪ್ರೀತಿಸುತ್ತಾಳೆ. ಅಪ್ಪ, ಅಣ್ಣ ಇಬ್ಬರೂ ‘ಅವನ ಸಹವಾಸ ಬೇಡ’ ಅನ್ನುತ್ತಾರೆ. ಹ್ಯಾಮ್ಲೆಟ್ಟೂ ಅವಳನ್ನು ದೂರ ತಳ್ಳುತ್ತಾನೆ. ಕೊನೆಗೆ ಪರದೆಯ ಹಿಂದೆ ಅಡಗಿದ್ದವನು ರಾಜ ಎಂದುಕೊಂಡು ಹ್ಯಾಮ್ಲೆಟ್ ಕತ್ತಿ ಚುಚ್ಚಿದಾಗ ಸಾಯುವುದು ಒಫೀಲಿಯಾಳ ಅಪ್ಪ ಪೊಲೋನಿಯಸ್. ಅಲ್ಲಿಗೆ ಅವಳ ಬುದ್ಧಿ ಕದಡುತ್ತದೆ. ಕುವೆಂಪು ಅವರ ‘ರಕ್ತಾಕ್ಷಿ’ ಓದಿದವರಿಗೆ ಈ ಕಥೆಯ ಜಾಡು ಗೊತ್ತಿರುತ್ತದೆ. ಬಿದನೂರಿನ ಅರಮನೆಗೆ ಬಂದ ಹ್ಯಾಮ್ಲೆಟ್ ಅದು.

ನಾಟಕದಲ್ಲಿ ಒಫೀಲಿಯಾ ಹೂವುಗಳ ಜೊತೆ ಎರಡು ಸಲ ಬರುತ್ತಾಳೆ. ಇಲ್ಲೇ ಪಟ್ಟಿ ಮಾಡುವವರು ಗಡಿಬಿಡಿ ಮಾಡಿಕೊಳ್ಳುವುದು.

ಮೊದಲ ಸಲ ನಾಲ್ಕನೇ ಅಂಕದ ಐದನೇ ದೃಶ್ಯ. ತಲೆ ಕೆಟ್ಟವಳಂತೆ ಹಾಡುತ್ತಾ ಅರಮನೆಗೆ ಬಂದು ಎದುರಿಗಿದ್ದವರಿಗೆ ಹೂವು, ಸೊಪ್ಪು ಹಂಚುತ್ತಾಳೆ. ರೋಸ್‌ಮೆರಿ ನೆನಪಿಗೆ, ಪ್ಯಾನ್ಸಿ ಯೋಚನೆಗೆ ಎಂದು ಅರ್ಥವನ್ನೂ ತಾನೇ ಹೇಳುತ್ತಾಳೆ. ಸೋಂಪಿನ ಸೊಪ್ಪು, ಕೊಲಂಬೈನ್ ಹೂವು, ರೂ ಎಂಬ ಕಹಿ ಸೊಪ್ಪು, ಡೈಸಿ ಇವಕ್ಕೆ ಅರ್ಥ ಹೇಳುವುದಿಲ್ಲ. ಆ ಕಾಲದ ಪ್ರೇಕ್ಷಕರಿಗೆ ಹೇಳಬೇಕಾಗಿಯೂ ಇರಲಿಲ್ಲ. ಸೋಂಪು ಅಂದರೆ ಹೊಗಳುಭಟ್ಟತನ, ರೂ ಅಂದರೆ ಪಶ್ಚಾತ್ತಾಪ ಎಂದು ಅವರಿಗೆ ಗೊತ್ತಿತ್ತು. ಯಾವ ಸೊಪ್ಪು ಯಾರ ಕೈಗೆ ಹೋಯಿತು ಎಂದು ನಾಟಕದಲ್ಲಿ ಬರೆದಿಲ್ಲ. ಆದರೆ ಅಣ್ಣನನ್ನು ಕೊಂದು ಪಟ್ಟಕ್ಕೇರಿದ ರಾಜ, ಗಂಡ ಸತ್ತ ಕೂಡಲೇ ಮೈದುನನನ್ನೇ ಮದುವೆಯಾದ ರಾಣಿ ಎದುರಿಗೇ ಇದ್ದಾರೆ. ಹುಚ್ಚಿಯ ಕೈಯಲ್ಲಿನ ಸೊಪ್ಪು ಅಲ್ಲಿ ನೇರವಾದ ಬೈಗುಳ. ಬಾಯಲ್ಲಿ ಹೇಳಿದ್ದರೆ ತಲೆ ಹೋಗುತ್ತಿತ್ತು.

ಎರಡನೇ ಸಲ ಅವಳು ವೇದಿಕೆಯ ಮೇಲೆ ಬರುವುದೇ ಇಲ್ಲ. ಏಳನೇ ದೃಶ್ಯದಲ್ಲಿ ರಾಣಿ ಗರ್ಟ್ರೂಡ್ ಬಂದು ಅವಳ ಸಾವಿನ ಸುದ್ದಿ ಹೇಳುತ್ತಾಳೆ. ಹೊಳೆಯ ಮೇಲೆ ಬಾಗಿದ ಒಂದು ವಿಲೋ ಮರ. ಒಫೀಲಿಯಾ ಕ್ರೋಫ್ಲವರ್, ತುರಿಕೆ ಗಿಡ, ಡೈಸಿ, ‘ಲಾಂಗ್ ಪರ್ಪಲ್’ ಎಂಬ ನೇರಳೆ ಹೂವು ಇವನ್ನೆಲ್ಲ ಸೇರಿಸಿ ಮಾಲೆ ಕಟ್ಟಿದ್ದಾಳೆ. ಅದನ್ನು ಕೊಂಬೆಗೆ ತೂಗುಹಾಕಲು ಹತ್ತಿದಾಗ ಕೊಂಬೆ ಮುರಿಯುತ್ತದೆ. ಬಟ್ಟೆ ಅಗಲವಾಗಿ ಹರಡಿ ಸ್ವಲ್ಪ ಹೊತ್ತು ಅವಳನ್ನು ತೇಲಿಸುತ್ತದೆ. ತನಗೆ ಏನಾಗುತ್ತಿದೆ ಎಂಬ ಅರಿವೇ ಇಲ್ಲದೆ ಹಳೆಯ ಹಾಡುಗಳ ತುಣುಕು ಹಾಡುತ್ತಿರುತ್ತಾಳೆ. ನೀರು ಕುಡಿದು ಭಾರವಾದ ಬಟ್ಟೆ ಆಮೇಲೆ ಅವಳನ್ನು ಕೆಸರಿಗೆ ಎಳೆದುಕೊಂಡು ಹೋಗುತ್ತದೆ.

ಮಿಲೇ ಬರೆದಿರುವುದು ಈ ಎರಡನೆಯದನ್ನು. ಅಂದರೆ ರಂಗದ ಮೇಲೆ ಯಾರೂ ನೋಡದ, ಬರೀ ಕಿವಿಗೆ ಕೇಳಿದ ಒಂದು ಗಳಿಗೆಯನ್ನು. ಆ ಸ್ವಲ್ಪ ಹೊತ್ತನ್ನೇ ಅವನು ಹಿಡಿದು ನಿಲ್ಲಿಸಿದ್ದಾನೆ. ಬಾಯಿ ತೆರೆದಿರುವುದು ಉಸಿರು ಕಟ್ಟಿ ಅಲ್ಲ, ಹಾಡುತ್ತಿರುವುದಕ್ಕೆ. ಇದು ಗೊತ್ತಾದ ಕೂಡಲೇ ಚಿತ್ರ ಬದಲಾಗುತ್ತದೆ, ಅಲ್ವಾ? ಹೆಣದ ಚಿತ್ರ ಎಂದುಕೊಂಡಿದ್ದು ಹಾಡುವವಳ ಚಿತ್ರವಾಗುತ್ತದೆ.

ಈಗ ಹೂವುಗಳಿಗೆ ಬರೋಣ. ಒಂದು ಸುಲಭವಾದ ಉಪಾಯ ಇದೆ. ಚಿತ್ರದಲ್ಲಿ ಬೇರಿರುವ ಗಿಡಗಳು ಯಾವುವು, ಕಿತ್ತ ಹೂಗಳು ಯಾವುವು ಎಂದು ಬೇರೆ ಮಾಡಿ. ದಂಡೆಯಲ್ಲಿ, ನೀರಿನಲ್ಲಿ ಬೇರು ಬಿಟ್ಟು ನಿಂತಿರುವವು ಒಂದು ಗುಂಪು: ವಿಲೋ, ಅದರ ಹತ್ತಿರದ ತುರಿಕೆ ಗಿಡ, ಕಾಡುಗುಲಾಬಿಯ ಪೊದೆ, ಬಲಗಡೆ ಎತ್ತರಕ್ಕೆ ನಿಂತ ನೇರಳೆ ಬಣ್ಣದ ಲೂಸ್‌ಸ್ಟ್ರೈಫ್, ಬಿಳಿ ಗೊಂಚಲಿನ ಮೆಡೋಸ್ವೀಟ್, ಸಣ್ಣ ನೀಲಿ ಫರ್ಗೆಟ್‌ಮಿನಾಟ್. ಅವಳ ಕೈಯಿಂದ ಜಾರಿ ತೇಲುತ್ತಿರುವವು, ಮೈಮೇಲೆ ಇರುವವು ಇನ್ನೊಂದು ಗುಂಪು: ಪಾಪಿ, ಡೈಸಿ, ಪ್ಯಾನ್ಸಿ, ಗುಲಾಬಿ, ಫೆಸೆಂಟ್ಸ್ ಐ ಎಂಬ ಕೆಂಪು ಹೂವು, ಫ್ರಿಟಿಲರಿ, ಕೊರಳಿನ ವಯಲೆಟ್ ಸರ.

ಮೊದಲ ಗುಂಪಿನ ಗಿಡಗಳು ಇಂಗ್ಲೆಂಡಿನ ಹೊಳೆ ದಂಡೆಯಲ್ಲಿ ತಾವಾಗಿಯೇ ಬೆಳೆಯುವಂಥವು. ಎರಡನೇ ಗುಂಪು ಹಾಗಲ್ಲ. ಪಾಪಿ, ಫೆಸೆಂಟ್ಸ್ ಐ ಗೋಧಿ ಹೊಲದ ಕಳೆಗಳು. ಪ್ಯಾನ್ಸಿಯೂ ನೀರಿನ ಬದಿಯ ಗಿಡವಲ್ಲ. ಅಂದರೆ ಇವನ್ನು ಯಾರೋ ಬೇಕೆಂದೇ ಇಲ್ಲಿಗೆ ತಂದಿದ್ದಾರೆ. ಕಥೆಯೊಳಗೆ ತಂದವಳು ಒಫೀಲಿಯಾ, ಕಥೆಯ ಹೊರಗೆ ಮಿಲೇ. ಸಂಕೇತ ಹುಡುಕುವುದಾದರೆ ಮೊದಲು ಹುಡುಕಬೇಕಾದದ್ದು ಈ ಕಿತ್ತ ಹೂಗಳಲ್ಲಿ.

ಅದರಲ್ಲೂ ವಯಲೆಟ್ ಸರದಲ್ಲಿ. ಇದು ಥಟ್ಟನೆ ಕಣ್ಣಿಗೆ ಬೀಳುವುದಿಲ್ಲ. ಕೆಂಪು ಪಾಪಿ ಎಲ್ಲರ ಗಮನ ಸೆಳೆದುಬಿಡುತ್ತದೆ. ಕೊರಳ ಹತ್ತಿರ ದೊಡ್ಡದು ಮಾಡಿ ನೋಡಿದರೆ ಸಣ್ಣ ಕಪ್ಪುನೇರಳೆ ಹೂಗಳ ಒಂದು ಎಳೆ ಕಾಣುತ್ತದೆ. ಪಟ್ಟಿಯಲ್ಲಿ ಇದಕ್ಕೆ ‘ನಿಷ್ಠೆ, ಪಾವಿತ್ರ್ಯ, ಎಳೆಯರ ಸಾವು’ ಎಂದು ಬರೆದಿರುತ್ತಾರೆ. ಆದರೆ ನಾಟಕದಲ್ಲಿ ವಯಲೆಟ್ ಬರುವ ಜಾಗಗಳನ್ನು ನೋಡಿ.

ಮೊದಲನೇ ಅಂಕದಲ್ಲಿ ಅಣ್ಣ ಲೆಯರ್ಟೀಸ್ ಫ್ರಾನ್ಸಿಗೆ ಹೊರಡುವ ಮುಂಚೆ ತಂಗಿಗೆ ಬುದ್ಧಿ ಹೇಳುತ್ತಾನೆ. ಹ್ಯಾಮ್ಲೆಟ್‌ನ ಪ್ರೀತಿ ವಯಲೆಟ್ ಹೂವಿನಂಥದ್ದು, ಬೇಗ ಅರಳುತ್ತದೆ, ಸಿಹಿಯಾಗಿರುತ್ತದೆ, ಬಾಳುವುದಿಲ್ಲ ಅನ್ನುತ್ತಾನೆ. ನಾಲ್ಕನೇ ಅಂಕದಲ್ಲಿ ಹೂವು ಹಂಚುವಾಗ ಒಫೀಲಿಯಾ ಹೇಳುತ್ತಾಳೆ: ನಿಮಗೆ ವಯಲೆಟ್ ಕೊಡೋಣ ಅಂದುಕೊಂಡೆ, ಆದರೆ ಅಪ್ಪ ಸತ್ತಾಗ ಅವೆಲ್ಲ ಬಾಡಿಹೋದವು. ಐದನೇ ಅಂಕದಲ್ಲಿ ಅವಳನ್ನು ಹೂಳುವಾಗ ಅದೇ ಅಣ್ಣ, ಇವಳ ಮೈಯಿಂದ ವಯಲೆಟ್ ಹುಟ್ಟಿ ಬರಲಿ ಅನ್ನುತ್ತಾನೆ. ಪ್ರೀತಿ ನಂಬಬೇಡ ಎಂದು ಹೇಳಲು ಬಳಸಿದ ಹೂವನ್ನೇ ಅವಳ ಗೋರಿಯ ಮೇಲೆ ಬೇಡಿಕೊಳ್ಳುವ ಸ್ಥಿತಿ ಅವನಿಗೆ ಬರುತ್ತದೆ. ಒಂದೇ ಹೂವು, ಮೂರು ಕಡೆ, ಮೂರು ಕೆಲಸ.

ಗರ್ಟ್ರೂಡ್ ಹೇಳುವ ಮಾಲೆಯಲ್ಲಿ ವಯಲೆಟ್ ಇಲ್ಲ. ಬಾಡಿಹೋದವು ಎಂದು ಒಫೀಲಿಯಾಳೇ ಹೇಳಿದ್ದಾಳೆ. ಹಾಗಾದರೆ ಮಿಲೇ ಅದನ್ನು ಅವಳ ಕೊರಳಿಗೆ ಹಾಕಿದ್ದು ಯಾಕೆ? ನನಗನ್ನಿಸುವುದು, ಅವನು ಒಂದು ದೃಶ್ಯವನ್ನಷ್ಟೇ ಬರೆಯುತ್ತಿರಲಿಲ್ಲ, ಇಡೀ ನಾಟಕವನ್ನು ಅವಳ ಮೈಮೇಲೆ ಹಾಕುತ್ತಿದ್ದ. ಯಾರಿಗೂ ಕೊಡಲಾಗದ ಹೂವು ಅವಳ ಹತ್ತಿರವೇ ಉಳಿದಿದೆ. ಕೆನ್ನೆಯ ಹತ್ತಿರದ ಗುಲಾಬಿಯೂ ಹೀಗೆಯೇ ಬಂದಿರಬೇಕು. ಹುಚ್ಚು ಹಿಡಿದ ತಂಗಿಯನ್ನು ಕಂಡ ಲೆಯರ್ಟೀಸ್ ಅವಳನ್ನು ‘ಮೇ ತಿಂಗಳ ಗುಲಾಬಿ’ ಎಂದು ಕರೆಯುತ್ತಾನೆ. ರಾಣಿಯ ಮಾಲೆಯಲ್ಲಿ ಗುಲಾಬಿಯೂ ಇಲ್ಲ. ಅಣ್ಣನ ಮಾತು ಹೂವಾಗಿ ಅವಳ ಪಕ್ಕ ಬಂದಿದೆ. ‘ಗುಲಾಬಿ ಎಂದರೆ ಪ್ರೇಮ’ ಎಂದುಬಿಟ್ಟರೆ ಈ ಅಣ್ಣ ಕಾಣೆಯಾಗುತ್ತಾನೆ.

ಪ್ಯಾನ್ಸಿಯೂ ಇದೇ ಥರ ಮೊದಲ ದೃಶ್ಯದಿಂದ ಎರಡನೆಯದಕ್ಕೆ ಬಂದದ್ದು. ಡೈಸಿ ಮಾತ್ರ ಎರಡೂ ಕಡೆ ಇದೆ, ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು ಬೇರಿರುವ ಗಿಡಗಳು. ಇಲ್ಲಿ ಮಿಲೇ ಕೆಲಸ ಮಾಡಿದ ರೀತಿ ಗೊತ್ತಿರಬೇಕು. 1848ರಲ್ಲಿ ಅವನು, ಡಾಂಟೆ ಗೇಬ್ರಿಯಲ್ ರೊಸೆಟ್ಟಿ, ಹೋಲ್ಮನ್ ಹಂಟ್ ಮತ್ತು ಕೆಲವು ಗೆಳೆಯರು ಸೇರಿ ಪ್ರೀ-ರಫಾಯಲೈಟ್ ಬಳಗ ಕಟ್ಟಿದ್ದರು. ಕಲಾಶಾಲೆಗಳಲ್ಲಿ ಕಲಿಸುತ್ತಿದ್ದ ಸಿದ್ಧ ಮಾದರಿಯ ಮರ, ಸಿದ್ಧ ಮಾದರಿಯ ಕಂದು ನೆರಳು ಇವರಿಗೆ ಬೇಡವಾಗಿತ್ತು. ಎದುರಿಗೆ ಕೂತು, ಕಂಡ ಎಲೆಯನ್ನು ಕಂಡ ಹಾಗೆ ಬರೆಯಬೇಕು ಎನ್ನುವುದು ಅವರ ಹಟ. ಕ್ಯಾನ್ವಾಸಿಗೆ ಬಿಳಿ ತಳ ಬಳಿದುಕೊಂಡು ಅದರ ಮೇಲೆ ಬಣ್ಣ ಹಚ್ಚುತ್ತಿದ್ದರು. ಈ ಚಿತ್ರದ ಹಸಿರು ಇವತ್ತಿಗೂ ಒಳಗಿನಿಂದ ಬೆಳಕು ಬಿಟ್ಟ ಹಾಗೆ ಕಾಣುವುದು ಅದಕ್ಕೇ.

1851ರ ಜುಲೈಯಿಂದ ನವೆಂಬರ್‌ವರೆಗೆ ಮಿಲೇ ಲಂಡನ್ನಿನ ದಕ್ಷಿಣಕ್ಕೆ ಸರ್ರೆಯ ಯೂವೆಲ್ ಹತ್ತಿರ ಹಾಗ್ಸ್‌ಮಿಲ್ ಎಂಬ ಸಣ್ಣ ಹೊಳೆಯ ದಂಡೆಯಲ್ಲಿ ಕೂತು ಬರೆದ. ದಿನಕ್ಕೆ ಹನ್ನೊಂದು ತಾಸಿನವರೆಗೂ ಕೂರುತ್ತಿದ್ದ. ಆಗ ಬರೆದ ಒಂದು ಪತ್ರ ತುಂಬ ತಮಾಷೆಯಾಗಿದೆ. ಅರ್ಧ ಪೆನ್ನಿ ನಾಣ್ಯಕ್ಕಿಂತ ಹೆಚ್ಚೇನೂ ನೆರಳು ಕೊಡದ ಕೊಡೆ, ಮನುಷ್ಯರ ಮಾಂಸಕ್ಕೆ ಬಾಯಿ ಹಾಕುವ ಕಟ್ಟುಮಸ್ತಾದ ಸರ್ರೆಯ ನೊಣಗಳು, ಹುಲ್ಲು ತುಳಿದು ಹಾಳು ಮಾಡಿದ್ದಕ್ಕೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತೇವೆ ಎಂಬ ಬೆದರಿಕೆ, ಹುಲ್ಲು ಕೊಯ್ದ ಮೇಲೆ ಅದೇ ಹೊಲಕ್ಕೆ ಗೂಳಿ ಬಿಡುವ ಭಯ. ಗಾಳಿ ಎತ್ತಿ ನೀರಿಗೆ ಎಸೆದರೆ ಒಫೀಲಿಯಾ ಮುಳುಗುವಾಗ ಹೇಗಾಗಿರಬಹುದು ಎಂದು ತನಗೂ ಗೊತ್ತಾದೀತು ಎಂದು ಬೇರೆ ಬರೆಯುತ್ತಾನೆ.

ಆಗಿನ ಪದ್ಧತಿಯಲ್ಲಿ ಮೊದಲು ಮನುಷ್ಯರನ್ನು ಬರೆದು ಹಿಂದಿನ ಗಿಡಮರ ಆಮೇಲೆ ತುಂಬುತ್ತಿದ್ದರು. ಮಿಲೇ ತಿರುಗುಮುರುಗು ಮಾಡಿದ. ಹೊಳೆ, ದಂಡೆ, ಗಿಡಗಳನ್ನು ಐದು ತಿಂಗಳು ಬರೆದು ನಡುವೆ ಒಫೀಲಿಯಾಗೆ ಜಾಗ ಖಾಲಿ ಬಿಟ್ಟ. ಹುಡುಗಿ ಬಂದದ್ದು ಚಳಿಗಾಲದಲ್ಲಿ, ಲಂಡನ್ನಿನ ಸ್ಟುಡಿಯೋದಲ್ಲಿ.

ಇದರಿಂದ ಒಂದು ವಿಚಿತ್ರ ಆಗಿದೆ. ಫ್ರಿಟಿಲರಿ ಏಪ್ರಿಲ್ ಹೊತ್ತಿಗೆ ಅರಳುವ ಹೂವು. ಲೂಸ್‌ಸ್ಟ್ರೈಫ್ ಜುಲೈ, ಆಗಸ್ಟಿನದು. ಒಂದೇ ದಿನ ಎರಡೂ ಒಂದೇ ಹೊಳೆಯಲ್ಲಿ ಕಾಣಸಿಗುವುದು ಕಷ್ಟ. ಪ್ರತಿ ಹೂವೂ ಸಸ್ಯಶಾಸ್ತ್ರದ ಪ್ರಕಾರ ಸರಿ, ಎಲ್ಲ ಸೇರಿದರೆ ಯಾವ ದಿನಕ್ಕೂ ಸರಿಹೊಂದುವುದಿಲ್ಲ. ಮಿಲೇಯ ಮಗ ಬರೆದ ಅಪ್ಪನ ಜೀವನಚರಿತ್ರೆಯಲ್ಲಿ ಒಂದು ಸಂಗತಿ ಬರುತ್ತದೆ: ಒಬ್ಬ ಸಸ್ಯಶಾಸ್ತ್ರದ ಪ್ರೊಫೆಸರ್ ವಿದ್ಯಾರ್ಥಿಗಳನ್ನು ಹಳ್ಳಿಗಾಡಿಗೆ ಕರೆದುಕೊಂಡು ಹೋಗಲಾಗದೆ ಈ ಚಿತ್ರದ ಮುಂದೆ ನಿಲ್ಲಿಸಿ ಪಾಠ ಮಾಡಿದ್ದರಂತೆ. ಕಾಲೇಜಿನ ಪಾಠಕ್ಕೆ ಆಗುವಷ್ಟು ನಿಖರ, ಆದರೆ ಕ್ಯಾಲೆಂಡರಿಗೆ ಸಿಗದ ಚಿತ್ರ. ಕೆಲವರು ಇದನ್ನೂ ಸಂಕೇತ ಮಾಡಿ ‘ಕಾಲವೇ ನಿಂತುಹೋಗಿದೆ’ ಅನ್ನುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ. ತಿಂಗಳುಗಟ್ಟಲೆ ಕೂತು ಬರೆದರೆ ತಿಂಗಳುಗಳೆಲ್ಲ ಚಿತ್ರದೊಳಗೆ ಬರುತ್ತವೆ.

ಹಾಗಾದರೆ ದಂಡೆಯ ಗಿಡಗಳೆಲ್ಲ ಸುಮ್ನೆ ಅಲ್ಲಿದ್ದವು, ಅರ್ಥವೇ ಇಲ್ಲ ಎನ್ನೋಣವಾ? ಅದೂ ಅಲ್ಲ. ವಿಲೋ, ತುರಿಕೆ ಗಿಡ ರಾಣಿಯ ಮಾತಿನಲ್ಲೇ ಇವೆ. ಮಿಲೇ ನಾಟಕಕ್ಕೆ ಹೊಂದುವ ಹೊಳೆಯನ್ನು ಹುಡುಕಿಕೊಂಡು ಹೋದ. ವಿಲೋ ಇಂಗ್ಲಿಷರಿಗೆ ಪ್ರೀತಿಯಲ್ಲಿ ಸೋತವರ ಮರ. ಶೇಕ್ಸ್‌ಪಿಯರ್‌ನ ‘ಒಥೆಲೊ’ದಲ್ಲಿ ಡೆಸ್ಡಿಮೋನಾ ಸಾಯುವ ಮುಂಚೆ ವಿಲೋ ಹಾಡು ಹಾಡುತ್ತಾಳೆ. ಪ್ರೇಕ್ಷಕರಿಗೆ ಆ ಮರದ ಹೆಸರು ಕೇಳಿದರೆ ಸಾಕಿತ್ತು.

ಮೆಡೋಸ್ವೀಟ್ ವಿಷಯ ಬೇರೆ. ಪಟ್ಟಿಯಲ್ಲಿ ಅದಕ್ಕೆ ‘ವ್ಯರ್ಥ’ ಎಂಬ ಅರ್ಥ ಇರುತ್ತದೆ. ಆದರೆ ನಾಟಕದ ಈ ಭಾಗದಲ್ಲಿ ಅದು ಎಲ್ಲೂ ಇಲ್ಲ, ಒಫೀಲಿಯಾಳ ಕೈಯಲ್ಲೂ ಇಲ್ಲ. ಇಂಗ್ಲೆಂಡಿನ ಒದ್ದೆ ದಂಡೆಗಳಲ್ಲಿ ಬೇಸಿಗೆಯಲ್ಲಿ ಧಾರಾಳವಾಗಿ ಬೆಳೆಯುವ ಗಿಡ. ಬೆಳೆದಿತ್ತು, ಬರೆದ. ನಾನಾದರೆ ಅಲ್ಲಿಗೆ ಬಿಡುತ್ತೇನೆ.

ಲೂಸ್‌ಸ್ಟ್ರೈಫ್‌ದು ಇನ್ನೂ ಸ್ವಾರಸ್ಯ. ಮಿಲೇ ಅದನ್ನು ನಾಟಕದ ‘ಲಾಂಗ್ ಪರ್ಪಲ್’ ಎಂದುಕೊಂಡು ಬರೆದ ಹಾಗಿದೆ. ಆದರೆ ಶೇಕ್ಸ್‌ಪಿಯರ್ ಹೇಳಿದ್ದು ಬಹುಶಃ ಬೇರೆ ಹೂವು, ವಸಂತದಲ್ಲಿ ಅರಳುವ ಒಂದು ನೇರಳೆ ಆರ್ಕಿಡ್. ರಾಣಿಯ ಮಾತಲ್ಲೇ ಸುಳಿವಿದೆ. ಕುರುಬ ಹುಡುಗರು ಅದಕ್ಕೆ ಪೋಲಿ ಹೆಸರು ಇಟ್ಟಿದ್ದಾರೆ, ಮರ್ಯಾದಸ್ಥ ಹೆಣ್ಣುಮಕ್ಕಳು ‘ಸತ್ತವರ ಬೆರಳು’ ಅನ್ನುತ್ತಾರೆ ಎನ್ನುತ್ತಾಳೆ. ಈ ಜಾತಿಯ ಆರ್ಕಿಡ್ ಗಿಡಗಳ ಗೆಡ್ಡೆ ನೋಡಿದವರಿಗೆ ಪೋಲಿ ಹೆಸರು ಎಲ್ಲಿಂದ ಬಂತು ಎಂದು ಬಿಡಿಸಿ ಹೇಳಬೇಕಿಲ್ಲ. ಕಾಮ, ಸಾವು ಎರಡೂ ಒಂದೇ ಹೂವಿನಲ್ಲಿ. ಮಿಲೇ ಹೂವು ಬದಲಿಸಿದ್ದರಿಂದ ಆ ಪೋಲಿತನ ಸದ್ದಿಲ್ಲದೆ ಬಿಟ್ಟುಹೋಯಿತು. ಗೊತ್ತಿದ್ದೇ ಮಾಡಿದನೋ ಇಲ್ಲವೋ, ವಿಕ್ಟೋರಿಯಾ ಕಾಲದ ಮನೆಗಳಿಗೆ ಈ ಹೂವೇ ಸರಿ.

ಗಿಡಗಳ ನಡುವೆ ಒಂದು ಹಕ್ಕಿಯೂ ಇದೆ. ಎಡಗಡೆ, ವಿಲೋ ಕೊಂಬೆಗಳ ನಡುವೆ, ಕೆಂಪು ಎದೆಯ ರಾಬಿನ್. ಒಫೀಲಿಯಾ ಹುಚ್ಚಿನಲ್ಲಿ ಹಾಡುವ ಒಂದು ಸಾಲಿನಲ್ಲಿ ‘ಮುದ್ದು ರಾಬಿನ್ನೇ ನನ್ನ ಸಂತೋಷವೆಲ್ಲ’ ಎಂದಿದೆ. ಅದರ ಜೊತೆಗೆ ಕಾಡಿನಲ್ಲಿ ಸತ್ತವರ ಮೇಲೆ ರಾಬಿನ್ ಎಲೆ ತಂದು ಹೊದಿಸುತ್ತದೆ ಎಂಬ ಹಳೆಯ ನಂಬಿಕೆಯೂ ಇಂಗ್ಲಿಷ್ ಜನಪದದಲ್ಲಿದೆ. ಎರಡರಲ್ಲಿ ಯಾವುದು ಎಂದು ಜಗಳ ಬೇಡ. ಅವಳ ಹಾಡೂ ಅದೇ, ಅವಳನ್ನು ಮುಚ್ಚುವುದೂ ಅದೇ.

ಹಕ್ಕಿಯ ಜೊತೆ ಒಂದು ನೀರಿಲಿಯೂ ಇರಬೇಕಿತ್ತು. ಮಿಲೇ ಅದನ್ನು ಬರೆದೂ ಇದ್ದ. ಹಂಟ್‌ನ ಬಂಧುಗಳು ನೋಡಲು ಬಂದಾಗ ಇದೇನು ಹೇಳಿ ಎಂದರೆ ಮೊಲ, ನಾಯಿ, ಬೆಕ್ಕು ಎಂದೆಲ್ಲ ಊಹಿಸಿದರಂತೆ. ಕೊನೆಗೆ ಅಳಿಸಿಬಿಟ್ಟ. ಇಲಿ ಉಳಿದಿದ್ದರೆ ಇವತ್ತು ಅದಕ್ಕೂ ಒಂದು ಅರ್ಥ ಪಟ್ಟಿಯಲ್ಲಿ ಇರುತ್ತಿತ್ತು, ನೋಡಿ.

ಈಗ ಪಾಪಿಗೆ ಬರಲೇಬೇಕು. ನಮ್ಮ ಪಾಯಸದ ಗಸಗಸೆ ಗಿಡದ ದಾಯಾದಿ ಇದು. ಚಿತ್ರದಲ್ಲಿರುವುದು ಹೊಲದ ಕೆಂಪು ಪಾಪಿ. ಶೇಕ್ಸ್‌ಪಿಯರ್‌ನ ಒಫೀಲಿಯಾ ಪಾಪಿ ಹಿಡಿದಿಲ್ಲ. ಇದು ಪೂರ್ತಿ ಮಿಲೇಯದ್ದು. ಅಫೀಮು ಇದೇ ಕುಲದ ಗಿಡದಿಂದ ಬರುವುದರಿಂದ ಪಾಪಿ ಎಂದರೆ ನಿದ್ದೆ, ಸಾವು ಎನ್ನುವುದು ಗ್ರೀಕರ ಕಾಲದಿಂದಲೇ ಯುರೋಪಿನಲ್ಲಿ ಬಂದ ವಾಡಿಕೆ. ಮಿಲೇ ಕಾಲಕ್ಕೆ ‘ಹೂವಿನ ಭಾಷೆ’ ಎಂಬ ಒಂದು ಫ್ಯಾಷನ್ನೂ ಇತ್ತು. 1819ರಲ್ಲಿ ಪ್ಯಾರಿಸ್ಸಿನಲ್ಲಿ ಇಂಥ ಒಂದು ಪುಸ್ತಕ ಹೆಸರು ಮಾಡಿದ ಮೇಲೆ ಇಂಗ್ಲಿಷಿನಲ್ಲೂ ಸಾಲುಸಾಲಾಗಿ ಬಂದವು. ಯಾವ ಹೂವು ಕೊಟ್ಟರೆ ಯಾವ ಮಾತು ಎಂದು ಅವುಗಳಲ್ಲಿ ಬರೆದಿರುತ್ತಿತ್ತು. ಒಂದು ಪುಸ್ತಕದ ಅರ್ಥ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಈಗ ಓಡಾಡುವ ಪಟ್ಟಿಗಳಿಗೆ ಈ ಪುಸ್ತಕಗಳೂ ಒಂದು ಮೂಲ.

ಆದರೆ ಪಾಪಿ ಅಲ್ಲಿರುವುದಕ್ಕೆ ಅರ್ಥದಷ್ಟೇ ಮುಖ್ಯವಾದ ಇನ್ನೊಂದು ಕಾರಣ ಇದೆ: ಬಣ್ಣ. ಚಿತ್ರದ ಮೇಲೆ ಬೆರಳಿಟ್ಟು ಪಾಪಿಯನ್ನು ಮುಚ್ಚಿ ನೋಡಿ. ಇಡೀ ಚಿತ್ರ ಹಸಿರು, ಕಂದು, ಬೂದು. ಕಣ್ಣು ಎಲ್ಲೆಲ್ಲೋ ಅಲೆಯುತ್ತದೆ. ಬೆರಳು ತೆಗೆಯಿರಿ. ಹಸಿರಿಗೆ ಎದುರು ಬಣ್ಣವಾದ ಕೆಂಪು ಒಂದೇ ಚುಕ್ಕೆಯಾಗಿ ಅವಳ ಕೈಯ ಹತ್ತಿರ ಹೊಳೆಯುತ್ತದೆ. ಕಣ್ಣು ಅಲ್ಲಿಂದ ಕೈಗೆ, ಕೈಯಿಂದ ಮುಖಕ್ಕೆ ಹೋಗುತ್ತದೆ. ಮೇಲೆ ಎಡಗಡೆ ರಾಬಿನ್‌ನ ಎದೆಯ ಕೆಂಪು ಅದಕ್ಕೆ ಓಗೊಡುತ್ತದೆ. ಸಾವಿನ ಹೂವು ಬೇರೆ ಬಣ್ಣದ್ದಾಗಿದ್ದರೆ ಮಿಲೇ ಅದನ್ನು ಇದೇ ಜಾಗದಲ್ಲಿ ಇಡುತ್ತಿದ್ದನಾ, ಸಂಶಯ. ಕಲಾವಿದರು ಮೊದಲು ಕಣ್ಣಿನಿಂದ ಯೋಚಿಸುತ್ತಾರೆ. ಅರ್ಥ ಹೇಳುವವರು ಇದನ್ನು ಮರೆಯುವುದೇ ಹೆಚ್ಚು.

ಉಡುಗೆಯನ್ನೂ ಹೂವಿನ ಲೆಕ್ಕಕ್ಕೇ ಸೇರಿಸಬೇಕು. ಬೆಳ್ಳಿ ಕಸೂತಿಯ ಹೂಗಳು ತುಂಬಿದ ಒಂದು ಹಳೆಯ ಗೌನನ್ನು ಮಿಲೇ ನಾಲ್ಕು ಪೌಂಡಿಗೆ ಕೊಂಡಿದ್ದ. ಹಳೆಯದು, ಕೊಳಕು, ಆದರೂ ಭಾರಿ ಚೆಂದ ಎಂದು ಖುಷಿಪಟ್ಟಿದ್ದ. ಅವಳನ್ನು ತೇಲಿಸಿ ಆಮೇಲೆ ಮುಳುಗಿಸುವುದು ಇದೇ ಬಟ್ಟೆ. ಬಾಡುವ ಹೂಗಳು ನೀರಿನ ಮೇಲೆ ತೇಲುತ್ತಿವೆ, ಬಾಡದ ಬೆಳ್ಳಿ ಹೂಗಳು ಅವಳನ್ನು ಕೆಳಕ್ಕೆ ಎಳೆಯುತ್ತಿವೆ. ಯಾವ ಪಟ್ಟಿಯಲ್ಲೂ ನಾನು ಕಾಣದ ಹೂವು ಇದು, ಅವಳ ಸಾವಿಗೆ ಕಾರಣವಾಗುವ ಹೂವೂ ಇದೇ.

ಆ ಗೌನು ತೊಟ್ಟು ನೀರಲ್ಲಿ ಮಲಗಿದವಳು ಎಲಿಜಬೆತ್ ಸಿಡಲ್. ಸ್ಟುಡಿಯೋದಲ್ಲಿ ಒಂದು ಬಾತ್‌ಟಬ್, ನೀರು ಬೆಚ್ಚಗಿರಲೆಂದು ಕೆಳಗೆ ದೀಪಗಳು. ಒಮ್ಮೆ ದೀಪ ಆರಿಹೋದವು, ಮಿಲೇ ಕೆಲಸದಲ್ಲಿ ಮುಳುಗಿದ್ದ, ಸಿಡಲ್ ಬಾಯಿ ಬಿಡಲಿಲ್ಲ. ವಿಪರೀತ ಶೀತವಾಗಿ ಮಲಗಿದಳು. ಅವಳಪ್ಪ 50 ಪೌಂಡ್ ಪರಿಹಾರ ಕೇಳಿದ, ಕೊನೆಗೆ ಮಿಲೇ ಡಾಕ್ಟರ ಖರ್ಚು ಕೊಟ್ಟ. ಮುಂದೆ 1860ರಲ್ಲಿ ಸಿಡಲ್ ರೊಸೆಟ್ಟಿಯನ್ನು ಮದುವೆಯಾದಳು. 1862ರ ಫೆಬ್ರವರಿಯಲ್ಲಿ ಲಾಡನಮ್ ಅತಿಯಾಗಿ ಕುಡಿದು ತೀರಿಕೊಂಡಳು. ಆಗ 32 ವರ್ಷ. ಲಾಡನಮ್ ಎಂದರೆ ಮದ್ಯದಲ್ಲಿ ಕರಗಿಸಿದ ಅಫೀಮು, ಆ ಕಾಲದಲ್ಲಿ ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿದ್ದದ್ದು.

ಈಗ ಏನಾಗುತ್ತದೆ ನೋಡಿ. ಇದು ಗೊತ್ತಾದ ಮೇಲೆ ಕೈಯ ಹತ್ತಿರದ ಪಾಪಿಯನ್ನು ಮೊದಲಿನಂತೆ ನೋಡಲು ಆಗುವುದಿಲ್ಲ. ‘ಹತ್ತು ವರ್ಷ ಮೊದಲೇ ಚಿತ್ರ ಭವಿಷ್ಯ ಹೇಳಿತ್ತು’ ಎಂದು ಬರೆಯುವವರಿದ್ದಾರೆ. ಮೈ ಜುಮ್ಮೆನ್ನುವ ಮಾತು, ಆದರೆ 1852ರ ಮಿಲೇಗೆ 1862 ಗೊತ್ತಿರಲು ಸಾಧ್ಯವಿಲ್ಲ. ಈ ಅರ್ಥ ಚಿತ್ರದ್ದಲ್ಲ, ನಮ್ಮದು. ತರಬಾರದು ಎಂದಲ್ಲ. ತಂದವರು ನಾವು ಎಂದು ಗೊತ್ತಿದ್ದರೆ ಸಾಕು. ಬಲಗಡೆಯ ಪೊದೆಯ ನೆರಳಿನಲ್ಲಿ ತಲೆಬುರುಡೆ ಕಾಣುತ್ತದೆ ಎನ್ನುವವರದ್ದೂ ಇದೇ ಜಾತಿ. ಹೇಳಿದ ಮೇಲೆ ಕಾಣುತ್ತದೆ, ಹೇಳುವ ಮುಂಚೆ ಕಾಣುವುದಿಲ್ಲ. ಎಲೆಗಳ ನಡುವಿನ ಕತ್ತಲನ್ನು ಅಷ್ಟು ಹೊತ್ತು ದಿಟ್ಟಿಸಿದರೆ ಆನೆಯೂ ಕಂಡೀತು.

ಪಾಪಿಯನ್ನು ಬೇಕೆಂದೇ ಸಿಡಲ್‌ಳ ಸಾವಿನ ಜೊತೆ ಕಟ್ಟಿದ ಚಿತ್ರ ಬೇರೆಯೇ ಇದೆ. ರೊಸೆಟ್ಟಿ ಹೆಂಡತಿ ಸತ್ತ ಮೇಲೆ, 1864ರಿಂದ 1870ರ ನಡುವೆ ಬರೆದ ‘ಬೇಯಾಟಾ ಬೇಯಾಟ್ರಿಕ್ಸ್’. ಇಟಲಿಯ ಕವಿ ಡಾಂಟೆ ಪ್ರೀತಿಸಿದ ಬೇಯಾಟ್ರಿಚೆ ಸಾಯುವ ಗಳಿಗೆ ಅದರ ವಸ್ತು, ಮುಖ ಸಿಡಲ್‌ದು. ಕಣ್ಣು ಮುಚ್ಚಿ ಕೂತಿದ್ದಾಳೆ. ಒಂದು ಕೆಂಪು ಹಕ್ಕಿ ಕೊಕ್ಕಿನಲ್ಲಿ ಬಿಳಿ ಪಾಪಿ ಹಿಡಿದು ಅವಳ ಅಂಗೈಗೆ ತಂದು ಬಿಡುತ್ತಿದೆ. ಹಿಂದೆ ನೆರಳು ಗಡಿಯಾರ ಒಂಬತ್ತು ತೋರಿಸುತ್ತಿದೆ. ಬೇಯಾಟ್ರಿಚೆಯ ಸಾವಿಗೆ ಡಾಂಟೆ ಒಂಬತ್ತರ ಅಂಕಿಯನ್ನೇ ಕಟ್ಟಿದ್ದಾನೆ. ಆ ಹಕ್ಕಿ ಸಾವಿನ ದೂತ ಎಂದು ರೊಸೆಟ್ಟಿ ತಾನೇ ಬರೆದಿಟ್ಟಿದ್ದಾನೆ.

ಎರಡೂ ಚಿತ್ರಗಳು ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿವೆ. ಎರಡನ್ನೂ ಪಕ್ಕಪಕ್ಕ ತೆರೆದು ಪಾಪಿಯನ್ನಷ್ಟೇ ನೋಡಿ. ರೊಸೆಟ್ಟಿಯ ಪಾಪಿ ಯಾವ ಗಿಡದಿಂದಲೂ ಬಂದಿಲ್ಲ. ಎಲೆ ಇಲ್ಲ, ದಂಡೆ ಇಲ್ಲ, ಋತು ಇಲ್ಲ. ಅರ್ಥ ಹೊರುವುದಕ್ಕೇ ಹುಟ್ಟಿದ ಹೂವು ಅದು. ಅಲ್ಲಿ ಅರ್ಥ ಕೇಳದೆ ಮುಂದೆ ಹೋಗಲು ಆಗುವುದಿಲ್ಲ. ಮಿಲೇಯ ಪಾಪಿಗೆ ಕಾಂಡ ಇದೆ, ನೀರಿನಲ್ಲಿ ಒದ್ದೆಯಾಗುವ ದಳಗಳಿವೆ. ಅರ್ಥ ಇದ್ದರೂ ಇಲ್ಲದಿದ್ದರೂ ಅದು ಮೊದಲು ಹೂವು. ನನಗೆ ಮಿಲೇಯದ್ದೇ ಹೆಚ್ಚು ಇಷ್ಟ. ರೊಸೆಟ್ಟಿ ಅಭಿಮಾನಿಗಳು ಒಪ್ಪಲಿಕ್ಕಿಲ್ಲ.